ಗಂಗೆಯ ಹಗೇವು

ಭೂಗೋಳದ ತರಗತಿಯಲ್ಲಿ ಒಂದು ದಿನ ಉತ್ತರ ಭಾರತದ ನದಿಗಳ ಪಾಠ ನಡೆದಿತ್ತು. ದಕ್ಷಿಣದ ನದಿಗಳು ಮಳೆಯನ್ನೇ ನಂಬಿ ಹರಿಯುವಂಥವು, ಹಿಮಾಲಯದ ನದಿಗಳಾದರೋ ವರ್ಷದ ಹನ್ನೆರಡು ತಿಂಗಳೂ ಬತ್ತದೆ ಹರಿಯುವಂಥವು ಎಂದು ಹಲಗೆಯ ಮೇಲೆ ಬರೆದು ನಾನು ತಿರುಗುವಷ್ಟರಲ್ಲಿ ಏಳನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತನು. “ಗುರುಗಳ, ನಮ್ಮ ಹಳ್ಳ ಶಿವರಾತ್ರಿಗೇ ಬತ್ತಿ ಹೋಗತೈತಿ. ಬ್ಯಾಸಗ್ಯಾಗ ಊರಿಗೆ ಟ್ಯಾಂಕರ್ ಬರಬೇಕು. ಗಂಗಾನದಿಗೆ ಆ ವ್ಯಾಳ್ಯಾದಾಗ ನೀರು ಯಾರು ತಂದು ಹಾಕ್ತಾರ್ರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಹಿಮನದಿಗಳು ಕರಗಿ ನೀರು ಕೊಡುತ್ತವೆ ಎಂದು ನಾನು ಉತ್ತರವಿತ್ತೆನು. ಹುಡುಗನು ವಿನಯದಿಂದ ಕುಳಿತನು. ಆದರೆ ಅವನ ಮುಖದಲ್ಲಿ ತೃಪ್ತಿ ಕಾಣಲಿಲ್ಲ. ನಾನು ಅವನಿಗೆ ಕೊಟ್ಟದ್ದು ಒಂದು ಶಬ್ದವನ್ನೇ ಹೊರತು ಉತ್ತರವನ್ನಲ್ಲ. ಆ ಶಬ್ದದ ಹಿಂದಿರುವ ವಸ್ತುವನ್ನು ನಾನೂ ಕಂಡವನಾಗಿರಲಿಲ್ಲ.

ಜತ್ತ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಬೇಸಿಗೆಯಲ್ಲಿ ನೀರಿರುವ ನದಿಯೇ ಒಂದು ವಿಸ್ಮಯ. ಆದಕಾರಣ 2022ರ ಮೇ ತಿಂಗಳ ಕೊನೆಯ ವಾರದಲ್ಲಿ, ಶಾಲೆಗೆ ರಜೆಯಿರುವಾಗ, ನಾವು ನಾಲ್ವರು ಗಂಗೆಯ ಮೂಲವನ್ನು ನೋಡಿಬರಬೇಕೆಂದು ಹೊರಟೆವು. ನಮ್ಮ ವ್ಯಾಯಾಮ ಶಿಕ್ಷಕರು, ವಿಜ್ಞಾನ ಶಿಕ್ಷಕರು, ನಮ್ಮ ಶಾಲೆಯಲ್ಲಿಯೇ ಕಲಿತು ಈಗ ಪುಣೆಯಲ್ಲಿ ನೌಕರಿಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ ಮತ್ತು ನಾನು. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಗೋಮುಖವನ್ನು ನಾನು ಮುಟ್ಟಲಿಲ್ಲ. ಅದಕ್ಕೆ ನಾಲ್ಕು ಕಿಲೋಮೀಟರು ಉಳಿದಿರುವಾಗ ಹಿಂದಿರುಗಿದೆನು. ಹಾಗೆ ಹಿಂದಿರುಗಬೇಕಾದ ಕಾರಣವೂ ಹಿಮನದಿಯಷ್ಟೇ ತಿಳಿಯತಕ್ಕ ವಿಷಯವಾದುದರಿಂದ ಎರಡನ್ನೂ ಇಲ್ಲಿ ವಿವರಿಸುತ್ತೇನೆ.

ಮೂಲವನ್ನು ಹುಡುಕಿದವರು

ಗೋಮುಖವನ್ನು ಸಾಧುಗಳೂ ಯಾತ್ರಿಕರೂ ಪೂರ್ವದಿಂದಲೇ ಬಲ್ಲವರಾಗಿದ್ದರು. ಆದರೆ ಭೂಪಟ ಬರೆಯುವವರಿಗೆ ಅದು ಬಹುಕಾಲ ಒಗಟಾಗಿಯೇ ಉಳಿದಿತ್ತು. ಹದಿನೆಂಟನೆಯ ಶತಮಾನದ ಯುರೋಪಿನ ಪಟಗಳಲ್ಲಿ ಗಂಗೆಯು ಹಿಮಾಲಯದ ಆಚೆ, ಟಿಬೆಟ್ಟಿನ ಸರೋವರಗಳ ಪ್ರದೇಶದಲ್ಲಿ ಹುಟ್ಟಿ, ಪರ್ವತವನ್ನು ಭೇದಿಸಿಕೊಂಡು ಈಚೆಗೆ ಬರುವಂತೆ ತೋರಿಸಲಾಗುತ್ತಿತ್ತು. ಇದರ ನಿಜವನ್ನು ತಿಳಿಯಲೆಂದು 1808ರಲ್ಲಿ ವೆಬ್, ರೇಪರ್, ಹಿಯರ್ಸೆ ಎಂಬ ಅಧಿಕಾರಿಗಳು ಹೊರಟರು. ಗಂಗೋತ್ರಿಯನ್ನು ತಲುಪಲಾರದೆ ಹಿಂದಿರುಗಿದರು. 1817ರಲ್ಲಿ ಹಾಡ್ಜ್‌ಸನ್ ಮತ್ತು ಹರ್ಬರ್ಟ್ ಎಂಬ ಮೋಜಣಿದಾರರು ಹಿಮನದಿಯ ಬಾಯಿಯವರೆಗೆ ಹೋಗಿ, ಭಾಗೀರಥಿಯು ಹಿಮಾಲಯದ ಈಚೆಯ ಮಗ್ಗುಲಲ್ಲಿಯೇ ಮಂಜುಗಡ್ಡೆಯ ಕಮಾನಿನ ಕೆಳಗಿನಿಂದ ಹೊರಬೀಳುವುದನ್ನು ಕಂಡು ಬರೆದಿಟ್ಟರು.

ಮತ್ತೊಬ್ಬರ ಹೆಸರನ್ನೂ ಇಲ್ಲಿ ಸ್ಮರಿಸಬೇಕು. ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯ ಜಾನ್ ಬಿಕ್ನೆಲ್ ಆಡೆನ್ ಎಂಬವರು 1935ರಲ್ಲಿ ಗೋಮುಖದ ವಿವರವಾದ ನಕ್ಷೆಯನ್ನು ತಯಾರಿಸಿದರು. ಇವರು ಆಂಗ್ಲಕವಿ ಡಬ್ಲ್ಯು. ಎಚ್. ಆಡೆನ್ನರ ಅಣ್ಣಂದಿರು. ತಮ್ಮನ ಕೀರ್ತಿಯ ಮುಂದೆ ಅಣ್ಣನ ಹೆಸರು ಮರೆಯಾದರೂ, ಆ ನಕ್ಷೆಯ ಬೆಲೆ ಎಷ್ಟೆಂಬುದು ಲೇಖನದ ಕೊನೆಯ ಭಾಗದಲ್ಲಿ ತಿಳಿದುಬರುವುದು.

ಹಾದಿಯ ವಿವರ

ಮಿರಜದಲ್ಲಿ ರೈಲು ಹತ್ತಿ ದೆಹಲಿಗೂ, ಅಲ್ಲಿಂದ ಹರಿದ್ವಾರ ಹೃಷೀಕೇಶಗಳ ಮೇಲೆ ಉತ್ತರಕಾಶಿಗೂ ಹೋದೆವು. ಉತ್ತರಕಾಶಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿದೆ. ಗೋಮುಖಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಪತ್ರ ಪಡೆಯಬೇಕು. ದಿನವೊಂದಕ್ಕೆ 150 ಜನರಿಗಿಂತ ಹೆಚ್ಚು ಮಂದಿಯನ್ನು ಬಿಡುವುದಿಲ್ಲ. ಉತ್ತರಕಾಶಿಯಿಂದ ಗಂಗೋತ್ರಿಗೆ ಸುಮಾರು 100 ಕಿಲೋಮೀಟರು ಮೋಟಾರು ದಾರಿ. ಹರ್ಸಿಲ್, ಧರಾಲಿ, ಭೈರವಘಾಟಿಗಳನ್ನು ದಾಟಿ ಸಂಜೆಯ ಹೊತ್ತಿಗೆ 3,100 ಮೀಟರು ಎತ್ತರದ ಗಂಗೋತ್ರಿಯನ್ನು ಸೇರಿದೆವು. ಇಲ್ಲಿಯ ದೇವಾಲಯವನ್ನು ಗೂರ್ಖಾ ಸೇನಾನಿ ಅಮರಸಿಂಹ ಥಾಪಾ ಕಟ್ಟಿಸಿದನೆಂದು ಹೇಳುತ್ತಾರೆ. ಅಕ್ಷಯ ತೃತೀಯೆಗೆ ಬಾಗಿಲು ತೆರೆದು, ದೀಪಾವಳಿಯ ಮರುದಿನ ಮುಚ್ಚುತ್ತದೆ. ಚಳಿಗಾಲದಲ್ಲಿ ಉತ್ಸವಮೂರ್ತಿಯನ್ನು ಕೆಳಗಿನ ಮುಖಬಾ ಗ್ರಾಮಕ್ಕೆ ಒಯ್ದು ಪೂಜಿಸುತ್ತಾರೆ.

ಗಂಗೋತ್ರಿಯಿಂದ ಮುಂದಕ್ಕೆ ಕಾಲ್ನಡಿಗೆಯೇ ಗತಿ. ಒಂಬತ್ತನೆಯ ಕಿಲೋಮೀಟರಿಗೆ ಚೀರ್‌ಬಾಸಾ, ಹದಿನಾಲ್ಕನೆಯದಕ್ಕೆ ಭೋಜ್‌ಬಾಸಾ, ಹದಿನೆಂಟನೆಯದಕ್ಕೆ ಗೋಮುಖ. ಹೆಸರುಗಳೇ ಹಾದಿಯ ಸಸ್ಯಸಂಪತ್ತನ್ನು ಹೇಳುತ್ತವೆ. ಚೀರ್‌ಬಾಸಾ ಎಂದರೆ ಪೀತದಾರುವಿನ ಜಾತಿಯ ಮರಗಳ ತಾಣ. ಭೋಜ್‌ಬಾಸಾ ಎಂದರೆ ಭೂರ್ಜವೃಕ್ಷಗಳ ತಾಣ. ಕಾಗದವಿಲ್ಲದ ಕಾಲದಲ್ಲಿ ನಮ್ಮ ಪೂರ್ವಿಕರು ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರವು ಈ ಮರದ ತೊಗಟೆಯೇ. ಆದರೆ ಭೋಜ್‌ಬಾಸಾದಲ್ಲಿ ಇಂದು ದೊಡ್ಡ ಭೂರ್ಜವನವನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಅನೇಕ ವರ್ಷಗಳ ಕಾಲ ಯಾತ್ರಿಕರ ಒಲೆಗೆ ಅವು ಸೌದೆಯಾಗಿ ಹೋದವು. ಪರ್ವತಾರೋಹಿಗಳಾದ ಡಾ. ಹರ್ಷವಂತಿ ಬಿಷ್ಟ್ ಅವರು 1990ರ ದಶಕದಲ್ಲಿ ಇಲ್ಲಿ ಮತ್ತೆ ಭೂರ್ಜದ ಸಸಿಗಳನ್ನು ನೆಟ್ಟು ಬೆಳೆಸಲು ಕೈಹಚ್ಚಿದರು. ಆ ಎತ್ತರದಲ್ಲಿ ಸಸಿಯೊಂದು ಆಳೆತ್ತರವಾಗುವುದಕ್ಕೆ ಹಿಡಿಯುವ ಕಾಲವನ್ನು ನೆನೆದರೆ ಅದು ಎಂಥ ತಾಳ್ಮೆಯ ಕೆಲಸವೆಂಬುದು ಅರಿವಾಗುತ್ತದೆ.

ಹಾದಿಯು ಭಾಗೀರಥಿಯ ಬಲದಂಡೆಯ ಬೆಟ್ಟದ ಇಳಿಜಾರಿನಲ್ಲಿ ಸಾಗುತ್ತದೆ. ಏರು ಕಡಿದಲ್ಲ, ನಮ್ಮ ಹಳ್ಳಿಗಾಡಿನ ಕಾಲುಹಾದಿಗಳಲ್ಲಿ ನಡೆದವರಿಗೆ ಕಷ್ಟವೆನಿಸದು. ಅಡ್ಡಲಾಗಿ ಬರುವ ಹಳ್ಳಗಳಿಗೆ ಮರದ ಕಾಲುಸೇತುವೆಗಳಿವೆ. ಈ ಹಳ್ಳಗಳಲ್ಲಿ ಒಂದು ವಿಶೇಷವನ್ನು ಕಂಡೆವು. ಬೆಳಿಗ್ಗೆ ಪಾದ ಮುಳುಗುವಷ್ಟು ಹರಿಯುವ ಹಳ್ಳ ಮಧ್ಯಾಹ್ನದ ಮೇಲೆ ಮೊರೆಯುತ್ತ ಉಕ್ಕುತ್ತದೆ. ಮಳೆಯಿಲ್ಲ, ಮೋಡವಿಲ್ಲ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಆ ನೀರು ಕೆಳಗಿಳಿದು ಬರುವುದಕ್ಕೆ ಅಷ್ಟು ಹೊತ್ತು ಬೇಕು. ಹಳ್ಳಗಳನ್ನು ಮುಂಜಾನೆಯೇ ದಾಟಬೇಕೆಂದು ಪರ್ವತವಾಸಿಗಳು ಹೇಳುವುದು ಇದಕ್ಕಾಗಿಯೇ. ಚೀರ್‌ಬಾಸಾ ಕಳೆದ ಮೇಲೆ ಗೀಲಾ ಪಹಾಡ್ ಎಂಬ ಸಡಿಲವಾದ ಗುಡ್ಡವಿದೆ. ಅಲ್ಲಿ ಮೇಲಿನಿಂದ ಕಲ್ಲುಗಳು ಉರುಳಿ ಬೀಳುವುದರಿಂದ ಯಾರೂ ನಿಲ್ಲದೆ, ಮಾತನಾಡದೆ ಸರಸರನೆ ದಾಟುತ್ತಾರೆ. ಅದನ್ನು ದಾಟಿದ ಬಳಿಕ ಕಣಿವೆ ಅಗಲವಾಗುತ್ತದೆ. ಎದುರಿಗೆ ಭಾಗೀರಥಿ ಶಿಖರಗಳು ಮೂರೂ ಸಾಲಾಗಿ ಕಾಣಿಸುತ್ತವೆ. ಅವುಗಳಲ್ಲಿ ಎತ್ತರವಾದುದು 6,856 ಮೀಟರು.

ಗಾಳಿಯ ಲೆಕ್ಕ

ಈಗ ನನ್ನ ತಪ್ಪಿನ ಮಾತು. ಗಂಗೋತ್ರಿಯಲ್ಲಿ ಎರಡು ರಾತ್ರಿ ತಂಗಿ ದೇಹವನ್ನು ಎತ್ತರಕ್ಕೆ ಒಗ್ಗಿಸಿಕೊಂಡು ಮುಂದೆ ನಡೆಯಬೇಕೆಂದು ತಿಳಿದವರು ಹೇಳಿದ್ದರು. ಹಿಂದಿರುಗುವ ರೈಲಿನ ಟಿಕೀಟು ಮೊದಲೇ ತೆಗೆಸಿದ್ದುದರಿಂದ ಒಂದು ದಿನವನ್ನು ಉಳಿಸೋಣವೆಂದು ನಾನು ಹಟ ಹಿಡಿದೆನು. ಎಲ್ಲರಿಗಿಂತ ಹಿರಿಯನೂ ಮುಖ್ಯಾಧ್ಯಾಪಕನೂ ಆದುದರಿಂದ ನನ್ನ ಮಾತಿಗೆ ಯಾರೂ ಎದುರಾಡಲಿಲ್ಲ. ಉತ್ತರಕಾಶಿಯ 1,150 ಮೀಟರಿನಲ್ಲಿ ಒಂದು ರಾತ್ರಿ ಮಲಗಿದವರು ಮರುದಿನ 3,100 ಮೀಟರಿನಲ್ಲಿ ಮಲಗಿದೆವು. ಅದರ ಮರುದಿನವೇ ಸುಮಾರು 3,800 ಮೀಟರು ಎತ್ತರದ ಭೋಜ್‌ಬಾಸಾದಲ್ಲಿ ಮಲಗಿದೆವು.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆಂದು ಅನೇಕರು ತಿಳಿದಿರುತ್ತಾರೆ. ಇದು ಪೂರ್ತಿ ಸರಿಯಲ್ಲ. ನೂರು ಪಾಲು ಗಾಳಿಯಲ್ಲಿ ಇಪ್ಪತ್ತೊಂದು ಪಾಲು ಆಮ್ಲಜನಕವೆಂಬ ಲೆಕ್ಕ ಅಲ್ಲಿಯೂ ಹಾಗೆಯೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಭೋಜ್‌ಬಾಸಾದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ. ಎಂದರೆ, ಇಲ್ಲಿ ಮೂರು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವನ್ನು ಅಲ್ಲಿ ಪಡೆಯಬೇಕಾದರೆ ಹೆಚ್ಚುಕಡಿಮೆ ಐದು ಉಸಿರು ಬೇಕು. ಒತ್ತಡ ಕಡಿಮೆಯಾದುದಕ್ಕೆ ಅಡುಗೆಮನೆಯಲ್ಲಿಯೂ ಸಾಕ್ಷಿಯುಂಟು. ನೀರು ಅಲ್ಲಿ ಸುಮಾರು 87 ಡಿಗ್ರಿ ಸೆಂಟಿಗ್ರೇಡಿಗೇ ಕುದಿದುಬಿಡುತ್ತದೆ. ಕುದಿಯುತ್ತಿದ್ದರೂ ಅದರಲ್ಲಿ ಬೇಳೆ ಬೇಯದು. ಕುಕ್ಕರ್ ಇಲ್ಲದೆ ನಡೆಯದು.

ಮಾನವದೇಹಕ್ಕೆ ಈ ಕೊರತೆಯನ್ನು ತುಂಬಿಕೊಳ್ಳುವ ಶಕ್ತಿಯುಂಟು. ಮೊದಲು ಉಸಿರು ತ್ವರಿತವಾಗುತ್ತದೆ, ನಾಡಿ ಏರುತ್ತದೆ. ಕೆಲವು ದಿನಗಳಲ್ಲಿ ಮೂತ್ರಪಿಂಡಗಳು ರಕ್ತದ ಕ್ಷಾರಾಂಶವನ್ನು ಸರಿಪಡಿಸುತ್ತವೆ. ವಾರಗಳು ಕಳೆದಂತೆ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಆದರೆ ಇದಕ್ಕೆಲ್ಲ ಕಾಲ ಬೇಕು. ಆದುದರಿಂದಲೇ 3,000 ಮೀಟರು ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ವಿಶ್ರಮಿಸಬೇಕು ಎಂದು ವೈದ್ಯರು ನಿಯಮ ಮಾಡಿದ್ದಾರೆ. ನಾವು ಒಂದೇ ದಿನದಲ್ಲಿ 700 ಮೀಟರು ಏರಿದ್ದೆವು. ಅದಕ್ಕೆ ಹಿಂದಿನ ದಿನ ಸುಮಾರು 2,000 ಮೀಟರು.

ನಮ್ಮ ಭಾಗದಲ್ಲಿ ಹಗೇವು ತೆಗೆಯುವಾಗ ಹಿರಿಯರು ಪಾಲಿಸುತ್ತಿದ್ದ ಕ್ರಮವನ್ನು ವಾಚಕರು ಕೇಳಿರಬಹುದು. ಜೋಳ ತುಂಬಿ ಮುಚ್ಚಿದ ನೆಲಮಾಳಿಗೆಯ ಬಾಯಿ ತೆರೆದ ಕೂಡಲೇ ಯಾರನ್ನೂ ಒಳಗಿಳಿಸುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಅವಸರಪಟ್ಟವರು ಪ್ರಾಣ ಕಳೆದುಕೊಂಡ ಸಂಗತಿಗಳೂ ಉಂಟು. ಹಗೇವಿನ ಗಾಳಿಯ ದೋಷ ಬೇರೆ, ಪರ್ವತದ ಗಾಳಿಯ ಕೊರತೆ ಬೇರೆ. ಆದರೆ ಕಾಯದೆ ಹೋದವನಿಗೆ ಆಗುವ ಗತಿ ಎರಡರಲ್ಲಿಯೂ ಒಂದೇ. ಹಗೇವಿನ ಸೀಮೆಯಲ್ಲಿ ಬೆಳೆದ ನನಗೆ ಇದು ಹೊಳೆಯಬೇಕಾಗಿತ್ತು.

ಹಿಂದಿರುಗಿದ್ದು

ಆ ರಾತ್ರಿ ನಾಲ್ವರಿಗೂ ತಲೆನೋವು. ನಮ್ಮಲ್ಲಿ ಅತ್ಯಂತ ದೃಢಕಾಯರು ವ್ಯಾಯಾಮ ಶಿಕ್ಷಕರು. ದಾರಿಯುದ್ದಕ್ಕೂ ಎಲ್ಲರಿಗಿಂತ ಮುಂದೆ ನಡೆದವರು, ನನ್ನ ಗಂಟನ್ನೂ ಹೊತ್ತವರು. ಅವರು ರಾತ್ರಿ ಊಟ ಬೇಡವೆಂದರು. ಎರಡು ಸಲ ವಾಂತಿ ಮಾಡಿಕೊಂಡರು. ಆಯಾಸವಿರಬೇಕು, ಮಲಗಿದರೆ ಸರಿಹೋಗುವುದೆಂದು ನಾನು ಸಮಾಧಾನ ಹೇಳಿದೆನು. ಬೆಳಗಾಗುವ ಹೊತ್ತಿಗೆ ಅವರ ಮಾತು ತೊದಲತೊಡಗಿತ್ತು. ತಮ್ಮ ಬೂಟಿನ ಲಾಡಿಯನ್ನು ಕಟ್ಟಿಕೊಳ್ಳಲು ಅವರ ಕೈ ಮಾತು ಕೇಳುತ್ತಿರಲಿಲ್ಲ. ಪಕ್ಕದ ಡೇರೆಯಲ್ಲಿದ್ದ ಗಢವಾಲಿ ಮಾರ್ಗದರ್ಶಿಯೊಬ್ಬನು ಬಂದು, ಮರಳಿನ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಗಲುವಂತೆ ಗೆರೆಯ ಮೇಲೆ ನಡೆಯಲು ಅವರಿಗೆ ಹೇಳಿದನು. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕವಾಯತು ಕಲಿಸಿದ ಮನುಷ್ಯರು ಮೂರು ಹೆಜ್ಜೆ ಇಡಲಾರದೆ ಪಕ್ಕಕ್ಕೆ ವಾಲಿದರು.

ಮಾರ್ಗದರ್ಶಿಯು ನನ್ನ ಕಡೆ ತಿರುಗಿ, ಇವರನ್ನು ಈ ಕ್ಷಣವೇ ಕೆಳಗೆ ಕರೆದೊಯ್ಯಿರಿ, ಗೋಮುಖ ಎಲ್ಲಿಗೂ ಓಡಿಹೋಗುವುದಿಲ್ಲ ಎಂದನು. ಎತ್ತರದ ಬೇನೆಯಲ್ಲಿ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಮೊದಲ ಮೆಟ್ಟಿಲು. ಅಲ್ಲಿಯೇ ನಿಂತು ವಿಶ್ರಮಿಸಿದರೆ ಸಾಮಾನ್ಯವಾಗಿ ಶಮನವಾಗುತ್ತದೆ. ಆದರೆ ನಡಿಗೆ ತಪ್ಪಿದರೆ, ಬುದ್ಧಿ ಮಂಕಾದರೆ ಮೆದುಳಿನಲ್ಲಿ ಬಾವು ತೊಡಗಿದೆಯೆಂದು ಅರ್ಥ. ಕುಳಿತಲ್ಲಿಯೇ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ಅರ್ಥ. ಇವೆರಡೂ ಪ್ರಾಣಾಂತಿಕ. ಔಷಧಿ, ಆಮ್ಲಜನಕಗಳು ನೆರವಾಗಬಲ್ಲವು. ಮುಖ್ಯ ಚಿಕಿತ್ಸೆ ಮಾತ್ರ ಒಂದೇ: ಕೆಳಗಿಳಿಯುವುದು. ಬೆಳಗಾಗಲಿ, ಮಧ್ಯಾಹ್ನವಾಗಲಿ ಎಂದು ಕಾಯುವಂತಿಲ್ಲ. ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಮೈಕಟ್ಟು ಗಟ್ಟಿಯಿದ್ದವರಿಗೆ ಈ ಬೇನೆ ಬಾರದೆಂಬುದು ಭ್ರಮೆ. ಬಲಿಷ್ಠರು ವೇಗವಾಗಿ ಏರುವುದರಿಂದ ಅವರೇ ಬೇಗ ಇದಕ್ಕೆ ತುತ್ತಾಗುವುದುಂಟು.

ಹೊರೆಯಾಳೊಬ್ಬನು ಒಂದು ಕಡೆ, ನಾನು ಒಂದು ಕಡೆ ತೋಳು ಹಿಡಿದು ಅವರನ್ನು ಇಳಿಸಿದೆವು. ಗೀಲಾ ಪಹಾಡಿನಲ್ಲಿ ಕಲ್ಲುಗಳು ಉರುಳುತ್ತಿದ್ದವು, ಓಡುವಂತಿರಲಿಲ್ಲ. ಅವರ ಹೆಂಡತಿಗೂ ಇಬ್ಬರು ಮಕ್ಕಳಿಗೂ ನಾನು ಏನು ಉತ್ತರ ಹೇಳಲಿ ಎಂಬ ಒಂದೇ ಯೋಚನೆ ಆ ದಾರಿಯಲ್ಲಿ ನನ್ನದಾಗಿತ್ತು. ಚೀರ್‌ಬಾಸಾ ತಲುಪುವಷ್ಟರಲ್ಲಿ ಅವರ ಮಾತು ಸ್ಪಷ್ಟವಾಯಿತು. ಸಂಜೆ ಗಂಗೋತ್ರಿಯಲ್ಲಿ ಚಹಾ ಕೇಳಿ ಕುಡಿದರು. ಮರುದಿನ ಉತ್ತರಕಾಶಿಯಲ್ಲಿ ವೈದ್ಯರು ಪರೀಕ್ಷಿಸಿ, ಇಳಿದುದೇ ಇವರನ್ನು ಉಳಿಸಿತು ಎಂದರು. ಕೇವಲ ಏಳುನೂರು ಮೀಟರಿನ ಇಳಿವು ಇಷ್ಟು ಅಂತರವನ್ನು ಮಾಡಬಲ್ಲುದೆಂದು ಪುಸ್ತಕದಲ್ಲಿ ಓದಿ ತಿಳಿಯುವುದು ಬೇರೆ, ಗೆಳೆಯನ ಮುಖದಲ್ಲಿ ನೋಡಿ ತಿಳಿಯುವುದು ಬೇರೆ.

ಹಿಮನದಿ ಎಂದರೇನು?

ವಿಜ್ಞಾನ ಶಿಕ್ಷಕರೂ ಹಳೆಯ ವಿದ್ಯಾರ್ಥಿಯೂ ಒಂದು ದಿನ ಭೋಜ್‌ಬಾಸಾದಲ್ಲಿ ವಿಶ್ರಮಿಸಿ, ತಲೆನೋವು ಪೂರ್ತಿ ಇಳಿದ ಮೇಲೆ ಮಾರ್ಗದರ್ಶಿಯೊಡನೆ ಗೋಮುಖಕ್ಕೆ ಹೋಗಿಬಂದರು. ಹಿಮದ ಗೋಡೆಯಿಂದ ಬಂಡೆಗಾತ್ರದ ತುಂಡುಗಳು ಕಳಚಿ ಬೀಳುವುದರಿಂದ ಬಾಯಿಯ ಸಮೀಪಕ್ಕೆ ಹೋಗದೆ ದೂರದಿಂದಲೇ ನೋಡಿದರು. ಅವರು ತಂದ ಚಿತ್ರಗಳನ್ನು ಕಂಡ ನಮ್ಮ ಮಕ್ಕಳು ಇದೇನು, ಹಿಮವೇ ಇಲ್ಲ, ಬರೀ ಕಲ್ಲುರಾಶಿ ಎಂದರು. ಆ ಮಾತಿನಲ್ಲಿ ತಥ್ಯವಿದೆ. ಬೆಳ್ಳಗೆ ಹೊಳೆಯುವ ನದಿಯನ್ನು ನಿರೀಕ್ಷಿಸಿ ಹೋದವನಿಗೆ ಅಲ್ಲಿ ಕಾಣುವುದು ಮಣ್ಣು ಕಲ್ಲುಗಳಿಂದ ಮುಚ್ಚಿದ ಬೂದುಬಣ್ಣದ ದಿಬ್ಬ. ಅದರ ಮುಂಭಾಗ ಒಡೆದಲ್ಲಿ ಮಾತ್ರ ನೀಲಿಯಾದ ಮಂಜುಗಡ್ಡೆಯ ಗೋಡೆ. ಅದರ ಬುಡದ ಗವಿಯಿಂದ ಭಾಗೀರಥಿ ಹೊರಬೀಳುತ್ತಾಳೆ. ದಟ್ಟವಾದ ಮಂಜುಗಡ್ಡೆಯು ಬೆಳಕಿನ ಕೆಂಪು ಬಣ್ಣವನ್ನು ಹೀರಿ ನೀಲಿಯನ್ನು ಉಳಿಸುವುದರಿಂದ ಅದಕ್ಕೆ ಆ ಬಣ್ಣ. ಆ ಗವಿಯ ಆಕಾರವು ಎಂದೂ ಒಂದೇ ಬಗೆಯಾಗಿ ನಿಲ್ಲುವುದಿಲ್ಲ. ಇಂದಿನ ಗೋಮುಖವನ್ನು ಕಂಡು ಹೆಸರಿಟ್ಟವರಾರೂ ಇಲ್ಲ. ಹೆಸರು ಉಳಿದಿದೆ, ಮುಖ ಬದಲಾಗುತ್ತಲೇ ಇದೆ.

ಹಿಮನದಿಯು ಹುಟ್ಟುವುದು ಹೀಗೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮಾರುತಗಳೂ ಮಳೆಗಾಲದಲ್ಲಿ ನಮ್ಮ ನೈಋತ್ಯ ಮಾರುತಗಳೂ ಎತ್ತರದ ಶಿಖರಗಳ ಮೇಲೆ ಹಿಮ ಸುರಿಸುತ್ತವೆ. ಬೇಸಿಗೆಯಲ್ಲಿಯೂ ಪೂರ್ತಿ ಕರಗದಷ್ಟು ಎತ್ತರದಲ್ಲಿ ವರ್ಷದ ಮೇಲೆ ವರ್ಷದ ಹಿಮ ಪದರಪದರವಾಗಿ ಕೂಡುತ್ತದೆ. ಆಗ ತಾನೆ ಬಿದ್ದ ಹಿಮ ಅರಳೆಯಂತೆ ಹಗುರ. ಒಂದು ಘನಮೀಟರು ಸುಮಾರು 100 ಕಿಲೋಗ್ರಾಂ ತೂಗುತ್ತದೆ. ಮೇಲಿನ ಭಾರಕ್ಕೆ ಸಿಕ್ಕಿ ಒಳಗಿನ ಗಾಳಿ ಹೊರಟುಹೋಗಿ, ಅದು ಮೊದಲು ಸಕ್ಕರೆಯ ಹರಳಿನಂತಾಗಿ, ಕೊನೆಗೆ ಘನಮೀಟರಿಗೆ ಸುಮಾರು 917 ಕಿಲೋಗ್ರಾಂ ತೂಗುವ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಈ ರಾಶಿ ಸಾಕಷ್ಟು ದಪ್ಪವಾದಾಗ ತನ್ನ ಭಾರಕ್ಕೆ ತಾನೇ ಬಾಗಿ, ಜಿನುಗು ಬೆಲ್ಲದಂತೆ ಇಳಿಜಾರಿನ ಕಡೆಗೆ ಅತಿ ಮೆಲ್ಲನೆ ಸರಿಯತೊಡಗುತ್ತದೆ. ಹಿಮದ ರಾಶಿಯೆಲ್ಲ ಹಿಮನದಿಯಲ್ಲ; ಹೀಗೆ ಸರಿಯುವುದೇ ಹಿಮನದಿಯ ಲಕ್ಷಣ. ಗಢವಾಲಿನವರು ಅದಕ್ಕೆ ಬಮಕ್ ಎನ್ನುತ್ತಾರೆ.

ಗಂಗೋತ್ರಿ ಹಿಮನದಿಯು 7,138 ಮೀಟರು ಎತ್ತರದ ಚೌಖಂಬಾ ಪರ್ವತದ ಮಗ್ಗುಲಲ್ಲಿ ಹುಟ್ಟಿ ಸುಮಾರು 30 ಕಿಲೋಮೀಟರು ಹರಿಯುತ್ತದೆ. ರಕ್ತವರ್ಣ, ಚತುರಂಗಿ, ಕೀರ್ತಿ, ಸ್ವಚ್ಛಂದ ಎಂಬ ಚೆಲುವಾದ ಹೆಸರುಗಳ ಹಿಮನದಿಗಳು ಅದರ ಪರಿವಾರ. ಅದು ವರ್ಷಕ್ಕೆ ಸರಿಯುವುದು ಹತ್ತಾರು ಮೀಟರು ಮಾತ್ರ. ಐವತ್ತು ಮೀಟರೆಂದು ಹಿಡಿದರೆ ತುದಿಯಿಂದ ಬಾಯಿಯವರೆಗೆ ಬರಲು ಎಷ್ಟು ವರ್ಷ ಬೇಕೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು: 600 ವರ್ಷ. ಈ ಲೆಕ್ಕದಂತೆ, ವಿಜಯನಗರದಲ್ಲಿ ಪ್ರೌಢದೇವರಾಯನು ಆಳುತ್ತಿದ್ದಾಗ ಚೌಖಂಬಾದ ಮೇಲೆ ಬಿದ್ದ ಹಿಮವು ಈಗ ಗೋಮುಖದಲ್ಲಿ ನೀರಾಗುತ್ತಿದೆ.

ಹಗೇವಿನ ಲೆಕ್ಕ

ಹುಡುಗನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಕ್ಕಲಿಗನ ಮನೆಯಲ್ಲಿ ಸುಗ್ಗಿಯ ಜೋಳದ ಸ್ವಲ್ಪ ಭಾಗ ಚೀಲಗಳಲ್ಲಿ ಉಳಿಯುತ್ತದೆ, ಹೆಚ್ಚಿನದು ಹಗೇವಿಗೆ ಹೋಗುತ್ತದೆ. ಮೊದಲು ಚೀಲದ ಜೋಳ ಖರ್ಚಾಗುತ್ತದೆ. ಅದು ಮುಗಿದ ಮೇಲೆಯೇ ಹಗೇವು ತೆರೆಯುವುದು. ಗಂಗೆಯ ಮನೆತನವೂ ಹೀಗೆಯೇ. ಚೈತ್ರ ವೈಶಾಖಗಳಲ್ಲಿ ಹಿಂದಿನ ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಬಿದ್ದ ಹಿಮ ಕರಗುತ್ತದೆ. ಅದು ಚೀಲದ ಜೋಳ. ಅದು ತೀರಿದ ಬಳಿಕ, ಬಿಸಿಲಿನ ಕಾಲದಲ್ಲಿ, ಹಿಮನದಿಯ ಹಳೆಯ ಮಂಜುಗಡ್ಡೆ ಕರಗುತ್ತದೆ. ಅದು ಹಗೇವಿನ ಜೋಳ. ಇದರ ಜೊತೆಗೆ ಬೆಟ್ಟದ ಒರತೆಗಳೂ ಮಳೆಗಾಲದ ನೀರೂ ಸೇರುತ್ತವೆ. ದೇವಪ್ರಯಾಗದಲ್ಲಿ ಭಾಗೀರಥಿಯು ಅಲಕನಂದೆಯನ್ನು ಕೂಡಿ ಗಂಗೆಯೆನಿಸಿ, ಕೆಳಗೆ ಹೋದಂತೆ ಮಳೆಯ ಪಾಲೇ ಹೆಚ್ಚಾಗುತ್ತದೆ. ಆದಕಾರಣ ಹಿಮನದಿ ಇಲ್ಲವಾದರೆ ಗಂಗೆಯೇ ಇಲ್ಲವಾಗುವಳೆಂದು ಹೇಳುವುದು ಅತಿಶಯೋಕ್ತಿ. ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ದಿನ, ಎಂದರೆ ನೀರು ಅತ್ಯಂತ ಬೇಕಾದ ವೇಳೆಯಲ್ಲಿ ಕೈಹಿಡಿಯುವ ಕಾಪು ಇಲ್ಲವಾಗುವುದೆಂಬುದು ನಿಜವಾದ ಮಾತು.

ಹಗೇವಿಗೆ ಪ್ರತಿ ವರ್ಷ ತುಂಬಿದ್ದೆಷ್ಟು, ತೆಗೆದದ್ದೆಷ್ಟು ಎಂಬುದರ ಮೇಲೆ ಮನೆತನದ ಭವಿಷ್ಯ ನಿಂತಿದೆ. ಹಿಮನದಿಯಲ್ಲಿ ತುಂಬಿದ್ದಕ್ಕಿಂತ ಕರಗಿದ್ದು ಹೆಚ್ಚಾದರೆ ಅದರ ಬಾಯಿ ಹಿಂದೆ ಸರಿಯುತ್ತದೆ. 1935ರ ಆಡೆನ್ನರ ನಕ್ಷೆ ಪ್ರಯೋಜನಕ್ಕೆ ಬಂದುದು ಇಲ್ಲಿ. ಆ ನಕ್ಷೆಯನ್ನು ಆಧಾರವಾಗಿಟ್ಟುಕೊಂಡು ಅನಂತರದ ಸರ್ವೇಕ್ಷಣಗಳನ್ನು ಹೋಲಿಸಿದಾಗ, 1996ರವರೆಗಿನ 61 ವರ್ಷಗಳಲ್ಲಿ ಗೋಮುಖವು ವರ್ಷಕ್ಕೆ ಸರಾಸರಿ ಸುಮಾರು 19 ಮೀಟರಿನಂತೆ, ಒಟ್ಟು ಒಂದು ಕಿಲೋಮೀಟರಿಗೂ ಮೀರಿ ಹಿಂದೆ ಸರಿದಿರುವುದು ತಿಳಿದುಬಂದಿತು. ಆಮೇಲೆ ಕೆಲವು ವರ್ಷ ಈ ವೇಗ ತಗ್ಗಿದುದುಂಟು, ಸರಿಯುವುದು ನಿಂತಿಲ್ಲ. ಇದು ಗಂಗೋತ್ರಿಯೊಂದರ ಕಥೆಯಲ್ಲ. ಹಿಂದೆ ಅಮೆರಿಕದ ಬೇಹುಗಾರಿಕೆಯ ಉಪಗ್ರಹಗಳು ತೆಗೆದಿದ್ದ ಚಿತ್ರಗಳನ್ನು ಇತ್ತೀಚಿನ ಚಿತ್ರಗಳೊಡನೆ ಹೋಲಿಸಿ, ಹಿಮಾಲಯದ 650 ಹಿಮನದಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. 1975ರಿಂದ 2000ದವರೆಗೆ ಆಗುತ್ತಿದ್ದ ನಷ್ಟಕ್ಕಿಂತ 2000ದಿಂದ 2016ರವರೆಗಿನ ವಾರ್ಷಿಕ ನಷ್ಟವು ಎರಡು ಪಟ್ಟು ಎಂದು ಅದು ತೋರಿಸಿತು. ಭೂಮಿಯ ಶಾಖ ಏರುತ್ತಿರುವುದೇ ಇದಕ್ಕೆ ಪ್ರಧಾನ ಕಾರಣ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. 2035ರೊಳಗೆ ಹಿಮಾಲಯದ ಹಿಮನದಿಗಳೆಲ್ಲ ಮಾಯವಾಗಬಹುದೆಂದು ಅಂತರರಾಷ್ಟ್ರೀಯ ವರದಿಯೊಂದರಲ್ಲಿ 2007ರಲ್ಲಿ ಅಚ್ಚಾಗಿತ್ತು. ಅದಕ್ಕೆ ತಕ್ಕ ಆಧಾರವಿಲ್ಲವೆಂದು 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಭಯವನ್ನು ಹೆಚ್ಚಿಸಿ ಹೇಳುವುದರಿಂದ ಸತ್ಯಕ್ಕೆ ಹಾನಿಯೇ ಹೊರತು ಲಾಭವಿಲ್ಲ. ಉಳಿದ ಸತ್ಯವೇ ಚಿಂತೆಗೆ ಸಾಕು. ಏಕೆಂದರೆ ಹಗೇವಿಗೆ ಒಂದು ಮೋಸದ ಗುಣವಿದೆ. ತುಂಬಿದ್ದಕ್ಕಿಂತ ಹೆಚ್ಚು ತೆಗೆಯುವ ವರ್ಷಗಳಲ್ಲಿ ಮನೆಯ ಊಟಕ್ಕೆ ಕೊರತೆ ಕಾಣುವುದಿಲ್ಲ. ಬದಲಾಗಿ ಸಮೃದ್ಧಿ ಬಂದಂತೆ ತೋರುತ್ತದೆ. ಹಿಮನದಿಯು ಹೆಚ್ಚು ಕರಗುವಾಗ ನದಿಯಲ್ಲಿ ಕೆಲವು ಕಾಲ ನೀರು ಹೆಚ್ಚಾಗಿಯೇ ಇರುತ್ತದೆ. ಕೊರತೆ ತೋರುವುದು ಹಗೇವಿನ ತಳ ಕಂಡ ಮೇಲೆ.

ಎತ್ತರದ ಕಣಿವೆಗಳು ಅಪಾಯದ ಸ್ಥಾನಗಳೂ ಹೌದು. 2013ರ ಜೂನಿನಲ್ಲಿ ಚೋರಾಬಾರಿ ಹಿಮನದಿಯ ಬಳಿಯ ಸರೋವರ ಒಡೆದು ಕೇದಾರನಾಥದಲ್ಲಿ ಆದ ಅನಾಹುತ ಎಲ್ಲರಿಗೂ ತಿಳಿದುದೇ. ನಾವು ಗಂಗೋತ್ರಿಗೆ ಹೋಗುವಾಗ ಚಹಾಕ್ಕೆಂದು ನಿಂತಿದ್ದ ಧರಾಲಿ ಗ್ರಾಮದ ಮೇಲೆ 2025ರ ಆಗಸ್ಟ್ 5ರಂದು ಖೀರ್‌ ಗಂಗಾ ಹಳ್ಳವು ಕೆಸರು ಕಲ್ಲುಗಳನ್ನು ಹೊತ್ತು ನುಗ್ಗಿತು. ಆ ದೃಶ್ಯವನ್ನು ಪರದೆಯ ಮೇಲೆ ನೋಡುವಾಗ, ಚಹಾ ಕೊಟ್ಟ ಹೆಣ್ಣುಮಗಳ ಮುಖ ಕಣ್ಮುಂದೆ ಬಂದು ಮಾತು ಹೊರಡಲಿಲ್ಲ.

ಶೀಸೆಯ ನೀರು

ನನ್ನ ಗೆಳೆಯರು ಗೋಮುಖದಿಂದ ಒಂದು ಶೀಸೆ ನೀರು ತಂದಿದ್ದರು. ಅರ್ಧವನ್ನು ಮನೆಮನೆಯ ದೇವರ ಜಗುಲಿಗಳಿಗೆ ಹಂಚಿದೆವು. ಅರ್ಧವನ್ನು ಶಾಲೆಯ ಪ್ರಯೋಗಶಾಲೆಯಲ್ಲಿಟ್ಟಿದ್ದೇವೆ. ತಂದಾಗ ಅದು ಮಜ್ಜಿಗೆಯ ತಿಳಿಯಂತಿತ್ತು. ಹಿಮನದಿಯು ತನ್ನ ಹೊಟ್ಟೆಯ ಕೆಳಗೆ ಬಂಡೆಯನ್ನು ಬಂಡೆಗೆ ಉಜ್ಜಿ ಬೀಸಿದ ಹಿಟ್ಟು ಅದು. ವಾರ ಕಳೆದ ಮೇಲೆ ನೀರು ತಿಳಿಯಾಗಿ, ತಳದಲ್ಲಿ ಬೂದುಬಣ್ಣದ ಪದರ ನಿಂತಿತು. ಶಾಲೆ ತೆರೆದ ಮೊದಲ ದಿನ ಪ್ರಶ್ನೆ ಕೇಳಿದ ಹುಡುಗನನ್ನು ಕರೆದು ಶೀಸೆಯನ್ನು ಅವನ ಕೈಗಿತ್ತು, ಚೀಲದ ಜೋಳ ಹಗೇವಿನ ಜೋಳಗಳ ದೃಷ್ಟಾಂತವನ್ನು ಹೇಳಿದೆನು. ಅವನು ಶೀಸೆಯನ್ನು ಅಲುಗಿಸಿ, ಬಿಳುಪು ಮೇಲೇಳುವುದನ್ನು ಬಹಳ ಹೊತ್ತು ನೋಡಿದನು. “ನಮ್ಮ ಮುತ್ಯಾನ ಹಗೇವು ಈಗ ಕಲ್ಲು ತುಂಬಿ ಮುಚ್ಯಾರ್ರಿ. ಇದನ್ನ ತುಂಬೋರು ಯಾರ್ರಿ, ಗುರುಗಳ?” ಎಂದನು.

ಈ ಸಲ ಶಬ್ದವೊಂದನ್ನು ಉತ್ತರವೆಂದು ಕೊಡುವ ಧೈರ್ಯ ನನಗಾಗಲಿಲ್ಲ. ಹಿಮನದಿಯನ್ನು ತುಂಬುವುದು ನಮ್ಮ ಊರಿನಿಂದ ಆಗುವ ಕೆಲಸವಲ್ಲ. ಆದರೆ ಲೆಕ್ಕ ಇಡುವುದು ಆಗುವ ಕೆಲಸ. 1935ರಲ್ಲಿ ಒಬ್ಬರು ಎಚ್ಚರದಿಂದ ನಕ್ಷೆ ಬರೆದಿಟ್ಟುದರಿಂದಲ್ಲವೇ ಇಂದು ಜಗತ್ತಿಗೆ ಗೋಮುಖದ ಸರಿತ ತಿಳಿದಿರುವುದು? ಅಂದಿನಿಂದ ನಮ್ಮ ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟಿದ್ದೇವೆ. ಹಳ್ಳದ ಸೇತುವೆಯ ಕಂಬಕ್ಕೆ ಸುಣ್ಣದ ಗೆರೆಗಳನ್ನು ಎಳೆದಿದ್ದೇವೆ. ಹಳ್ಳದ ನೀರು ನಿಂತುಹೋದ ದಿನವನ್ನು ಪ್ರತಿ ವರ್ಷವೂ ಏಳನೆಯ ಇಯತ್ತೆಯ ಮಕ್ಕಳು ದಫ್ತರದಲ್ಲಿ ಬರೆಯುತ್ತಾರೆ. ಮೊದಲ ವರ್ಷದ ಬರಹ ಆ ಹುಡುಗನದು.

ವಾಚಕರಲ್ಲಿ ಯಾರಾದರೂ ಗೋಮುಖಕ್ಕೆ ಹೋಗುವವರಿದ್ದರೆ, ಗಂಗೋತ್ರಿಯಲ್ಲಿ ಎರಡು ರಾತ್ರಿ ತಪ್ಪದೆ ತಂಗಿರಿ. ಹಳ್ಳಗಳನ್ನು ಬೆಳಿಗ್ಗೆಯೇ ದಾಟಿರಿ. ಜೊತೆಯವರ ನಡಿಗೆಯ ಮೇಲೆ ಕಣ್ಣಿಡಿರಿ. ಅದು ತಪ್ಪಿದರೆ ಎಷ್ಟು ಹತ್ತಿರ ಬಂದಿದ್ದರೂ ಹಿಂದಿರುಗಿರಿ. ನಮ್ಮ ವ್ಯಾಯಾಮ ಶಿಕ್ಷಕರು ಇಂದಿಗೂ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಸಾಲನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಅದನ್ನು ನೋಡುವಾಗಲೆಲ್ಲ, ಆ ನಾಲ್ಕು ಕಿಲೋಮೀಟರು ನಡೆಯದೆ ಬಂದುದಕ್ಕೆ ನನಗೆ ಯಾವ ವ್ಯಸನವೂ ಇಲ್ಲ.